ಎಪ್ಪತ್ತೆರಡು ಕಿಲೋ ತೂಕದ ಇಲಿ

ದೆಬ್ರೆತ್ಸೆನ್ ನಗರದ ನಮ್ಮ ಪ್ರಯೋಗಾಲಯದಲ್ಲಿ ಇಲಿಗಳ ನೋವನ್ನು ಪಿರೋಶ್ಕಾ ನೇನಿಯಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಇಪ್ಪತ್ತಾರು ವರ್ಷ ಇಲಿಮನೆ ನೋಡಿಕೊಂಡವಳು. ಪ್ರೊಫೆಸರರಿಂದ ಕಾವಲುಗಾರನವರೆಗೆ ಎಲ್ಲರಿಗೂ ಅವಳು ನೇನಿ, ಅಂದರೆ ಚಿಕ್ಕಮ್ಮ. ನಾನು ಪಕ್ಕದ ಕೋಣೆಯಲ್ಲಿ ಇಲಿಗಳ ಬೆನ್ನುಹುರಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ, ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಬಣ್ಣ ಹಾಕುತ್ತಿದ್ದೆ.

ಆ ವಸಂತದಲ್ಲಿ ನಮ್ಮ ಪ್ರೊಫೆಸರ್ ವೆರೆಬೇಯಿ ದೊಡ್ಡ ಸಂಗತಿಯೊಂದನ್ನು ಸಾಧಿಸಿ ತೋರಿಸಿದ್ದರು. ಸಂಧಿವಾತದ ಇಲಿಯ ಕಾಲಿನ ಬಾವು ಪೂರ್ತಿ ಇಳಿದ ಮೇಲೂ ಅದು ಕುಂಟುತ್ತಿತ್ತು. ತಂಟೆ ಕಾಲಿನಲ್ಲಿರಲಿಲ್ಲ. ಬೆನ್ನುಹುರಿಯಲ್ಲಿ ನರಗಳ ಆರೈಕೆಗೆಂದೇ ಇರುವ ಪುಟ್ಟ ಜೀವಕೋಶಗಳು ಒಮ್ಮೆ ರೇಗಿದ ಮೇಲೆ ತಣ್ಣಗಾಗದೆ, ನರಗಳಿಗೆ ರಾಸಾಯನಿಕ ಚಾಡಿ ಹೇಳುತ್ತಲೇ ಇದ್ದವು. "ಬೆಂಕಿ ಆರಿ ತಿಂಗಳಾಯ್ತು, ಗಂಟೆ ಹೊಡೆಯೋನು ಮಾತ್ರ ಇನ್ನೂ ನಿಲ್ಲಿಸಿಲ್ಲ" ಎಂದು ಅವರು ಹೋದಲ್ಲೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು.

ನೇನಿಗೂ ಸಂಧಿವಾತವೇ. ಔಷಧಿಯಿಂದ ಬೆರಳುಗಳ ಬಾವು ಇಳಿದು ವರ್ಷವಾಗಿತ್ತು, ನೋವು ಬಿಟ್ಟಿರಲಿಲ್ಲ. ಪಂಜರಗಳ ಉಕ್ಕಿನ ಮುಚ್ಚಳ ಎತ್ತುವಾಗ ಮುಖ ಕಿವುಚುತ್ತಿದ್ದಳು. ಹಗುರವಾದ ಮುಚ್ಚಳ ಬೇಕೆಂದು ಅರ್ಜಿ ಕೊಟ್ಟಳು. ಸಂಸ್ಥೆಯ ವೈದ್ಯರು "ಬಾವಿಲ್ಲ, ರಕ್ತ ಚೊಕ್ಕವಾಗಿದೆ, ನೋವಿಗೆ ಕಾರಣವಿಲ್ಲ" ಎಂದು ಬರೆದು ಕಳಿಸಿದರು. ಆ ಕಾಗದ ಹಿಡಿದು ಪ್ರೊಫೆಸರರ ಬಳಿ ಹೋದಳು. ನಾನೂ ಜೊತೆಗಿದ್ದೆ.

"ರಿಪೋರ್ಟ್ ಸರಿಯಾಗೇ ಇದೆಯಲ್ಲ ನೇನಿ! ಬಾವೇ ಇಲ್ಲ ಅಂದ್ಮೇಲೆ ನೋವು ಎಲ್ಲಿಂದ ಬರುತ್ತೆ? ವಯಸ್ಸಾಯ್ತು. ಮನಸ್ಸು ಸ್ವಲ್ಪ ಗಟ್ಟಿ ಮಾಡ್ಕೊಳ್ಳಿ" ಎಂದರು ಅವರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಅವರದೇ ಭಾಷಣದ ದೊಡ್ಡ ಭಿತ್ತಿಪತ್ರವಿತ್ತು: 'ಬಾವಿಳಿದರೂ ನೋವೇಕೆ?'

ಹೊರಗೆ ಬಂದ ನೇನಿ ನನಗೆ ಹೇಳಿದಳು: "ಇಲಿಯಾಗಿ ಹುಟ್ಟಿದ್ರೆ ನನ್ನ ನಂಬ್ತಿದ್ರು ಕಣೇ."

ಹಾಗೆಂದವಳು ಅಲ್ಲೇ ನಿಂತಳು. ನಮ್ಮಲ್ಲಿ ಪ್ರತಿ ಪಂಜರಕ್ಕೂ ದಿನದ ನೋವಿನ ಪಟ್ಟಿಯೊಂದು ಇರುತ್ತದೆ. ನಡಿಗೆ, ಹಿಡಿತ, ಮುಖಭಾವ, ಗೂಡು ಕಟ್ಟುವ ಉತ್ಸಾಹ, ಎಲ್ಲಕ್ಕೂ ಅಂಕ. ಹತ್ತು ದಾಟಿದರೆ ಅಂದೇ ನೋವು ತಗ್ಗಿಸುವ ಉಪಾಯ ಮಾಡಬೇಕು. ಇಲ್ಲವಾದರೆ ಪ್ರಯೋಗ ಬಂದ್. ನೇನಿ ಖಾಲಿ ಪಟ್ಟಿಯೊಂದನ್ನು ತೆಗೆದು ತುಂಬಿದಳು. ಪಂಜರ: ಸೊನ್ನೆ. ತೂಕ: ಎಪ್ಪತ್ತೆರಡು ಕಿಲೋ. ಗೂಡು: ಮೂರು ವಾರದಿಂದ ಹಾಸಿಗೆ ಮಡಚಿಲ್ಲ. ಒಟ್ಟು ಹನ್ನೊಂದು.

ಗುರುವಾರ ಪ್ರಾಣಿಗಳ ಹಿತ ನೋಡುವ ಅಧಿಕಾರಿ ಎಮೊಕೆ ಪಟ್ಟಿಗಳನ್ನು ಪರೀಕ್ಷಿಸಲು ಬಂದಳು. ನಗುವುದೂ ನಿಯಮದಲ್ಲಿ ಬರೆದಿರಬೇಕು ಎನ್ನುವಂಥ ಹೆಂಗಸು.

"ಎಪ್ಪತ್ತೆರಡು ಕಿಲೋ? ಯಾವ ತಳಿ ಇದು?"

"ಈ ಊರಿಂದೇ ಮೇಡಂ. ಹೆಣ್ಣು. ಐವತ್ತೆಂಟು ವರ್ಷ."

ಎಮೊಕೆ ನಗಲಿಲ್ಲ, ಬೈಯಲೂ ಇಲ್ಲ. ನೇನಿಯ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ, ಮುಖ ನೋಡಿದಳು. "ಅಂಕ ಸರಿಯಾಗೇ ಹಾಕಿದೀರಿ" ಎಂದು ಪಟ್ಟಿಗೆ ಮೊಹರು ಒತ್ತಿ, ಇಲಿಮನೆಗೆ ಬೀಗ ಜಡಿದಳು.

ಪ್ರೊಫೆಸರ್ ಓಡಿ ಬಂದರು. "ಏನ್ರೀ ತಮಾಷೆ ಇದು? ನೇನಿ ಇಲಿ ಅಲ್ಲ!"

"ಅಲ್ಲ. ಆದ್ರೆ ಲಕ್ಷಣ ಎಲ್ಲಾ ನಿಮ್ಮ ಇಲಿಗಳದ್ದೇ. ಬಾವಿಲ್ಲ, ನೋವಿದೆ. ಕಾರಣ ನಿಮ್ಮನ್ನೇ ಕೇಳ್ಬೇಕು. ಈ ಊರಲ್ಲಿ ಅದನ್ನ ಬಲ್ಲವರು ನೀವೊಬ್ರೇ ಅಲ್ವಾ?"

ಪ್ರೊಫೆಸರ್ ಕಿವಿಯವರೆಗೂ ಕೆಂಪಾದರು. ಬಾಗಿಲಾಚೆ ಇದ್ದ ಇಲಿಗಳ ಆಹಾರದ ಮೂಟೆಯ ಮೇಲೆ ಕುಸಿದು ಕೂತು, "ಯಾವಾಗಿಂದ ನೇನಿ?" ಎಂದರು.

"ನಿಮ್ಮ ಮೊದಲನೇ ಇಲಿ ಕುಂಟೋಕೆ ಮುಂಚಿಂದ."

ಅವರು ಅಲ್ಲಿಂದಲೇ ತಮ್ಮ ಗೆಳೆಯನಾದ ನೋವಿನ ತಜ್ಞನಿಗೆ ಫೋನ್ ಮಾಡಿದರು; ಎಮೊಕೆ ಬೀಗ ತೆಗೆದಳು. ಕೀಲಿನ ಬದಲು ನರಗಳನ್ನು ಸಮಾಧಾನ ಮಾಡುವ ಮಾತ್ರೆ ಸಿಕ್ಕಿತು. ಎರಡು ತಿಂಗಳಲ್ಲಿ ಅರ್ಧ ನೋವು ಹೋಯಿತು. ಮುಚ್ಚಳದ ಕಥೆ ಬೇರೆ. ಕೆಲಸದವರ ಬೆರಳಿಗಾಗಿ ಮುಚ್ಚಳ ಕೊಳ್ಳಲು ಕಚೇರಿಯ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ಎಮೊಕೆ 'ಉಕ್ಕಿನ ಸದ್ದಿಗೆ ಇಲಿಗಳು ಬೆಚ್ಚುತ್ತವೆ' ಎಂದು ಬರೆದಳು. ಹನ್ನೆರಡನೆಯ ದಿನಕ್ಕೆ ಎಲ್ಲ ಪಂಜರಗಳಿಗೂ ಪ್ಲಾಸ್ಟಿಕ್ ಮುಚ್ಚಳಗಳು ಬಂದವು.

ಶರತ್ಕಾಲದ ಸಮ್ಮೇಳನದಲ್ಲಿ ಪ್ರೊಫೆಸರ್ ಹೊಸ ವಾಕ್ಯವೊಂದನ್ನು ಸೇರಿಸಿದರು: "ಮನುಷ್ಯರಲ್ಲೂ ಹೀಗಾಗುವ ಸೂಚನೆಗಳಿವೆ." ಮೊದಲ ಸಾಲಿನಲ್ಲಿ ನನ್ನ ಪಕ್ಕ ಗಸಗಸೆ ರೊಟ್ಟಿ ಮುರಿಯುತ್ತ ಕೂತಿದ್ದ ನೇನಿ, ಅರ್ಧ ಸಭೆಗೆ ಕೇಳುವಂತೆ ನನ್ನ ಕಿವಿಯಲ್ಲಿ ಅಂದಳು:

"ಸೂಚನೆಯಂತೆ! ಆ ಸೂಚನೆ ಇಲ್ಲೇ ಕೂತಿದೆ, ಅದಕ್ಕೊಂದು ಹೆಸರೂ ಇದೆ ಅಂತ ಹೇಳೇ ಅವರಿಗೆ."