ದಪ್ಪ ಗೂಡು

"ಉಸಿರಿನ ಕೊಳವೆ ಗೋಡೆ ದಪ್ಪ ಆಗಿದೆಯಮ್ಮ," ಎಂದು ಡಾಕ್ಟರಮ್ಮ ಹೇಳುವುದಕ್ಕೂ ದೊಡ್ಡಲಕ್ಷ್ಮಮ್ಮನಿಗೆ ಕೆಮ್ಮು ಒತ್ತರಿಸುವುದಕ್ಕೂ ಸರಿಹೋಯಿತು. ಕೆಮ್ಮಿನ ನಡುವೆ ಅವಳ ಕಿವಿಗೆ ಬಿದ್ದದ್ದು ಗೋಡೆಯಲ್ಲ, ಗೂಡು. ಇಪ್ಪತ್ತೆರಡು ವರ್ಷ ರಾಮನಗರದ ಫಿಲೇಚರಿನಲ್ಲಿ ಕುದಿನೀರಿನ ಮುಂದೆ ಕೂತು ರೇಷ್ಮೆಗೂಡಿನ ನೂಲು ಬಿಚ್ಚಿದವಳ ಕಿವಿ ಇನ್ನೇನನ್ನು ಕೇಳಿಸಿಕೊಂಡೀತು!

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಬಿರುಸು. "ಹೊಗೆ, ಹಬೆ ಒಳಗೆ ಗಾಯ ಮಾಡುತ್ತೆ. ಅದನ್ನ ಮಾಯಿಸೋಕೆ ಅಂತ ಮೈ ತಾನೇ ಒಂದು ರಸ ಸುರಿಸುತ್ತೆ, ಹೊಸ ಮಾಂಸ ಬೆಳೀಲಿ ಅಂತ. ದಿನಾ ಗಾಯ, ದಿನಾ ಬೆಳೆಸೋದು. ಸಾಕು ಅನ್ನೋದೇ ಅದಕ್ಕೆ ಗೊತ್ತಾಗಲ್ಲ. ಇನ್ಮೇಲೆ ಹಬೆ ಹತ್ರ ಹೋಗಲೇಬೇಡಿ," ಎಂದು ಬಾಯಲ್ಲಿಟ್ಟು ಎಳೆಯುವ ಔಷಧಿ ಬರೆದುಕೊಟ್ಟರು. ಅದು ಬೇಡ, ಇದು ಬೇಡ ಅನ್ನುವುದು ಡಾಕ್ಟರುಗಳ ಬಾಯಿಪಾಠ. ದೊಡ್ಡಲಕ್ಷ್ಮಮ್ಮ ತಲೆಯಾಡಿಸಿ ಹೊರಗೆ ಬಂದಳು.

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಟೀಬಿ ಅಂದುಬಿಟ್ಟರೆ ಏನು ಗತಿ ಅಂತ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ದಪ್ಪ ಗೂಡು ಅಂದರೆ ಮಾರ್ಕೆಟ್ಟಿನಲ್ಲಿ ಜನ ಮೇಲೆ ಬಿದ್ದು ಹರಾಜು ಕೂಗುವ ಮಾಲು. ತೆಳ್ಳಗಿದ್ದರೆ ತಾನೇ ಎಳೆ ಹರಿಯುವ ಭಯ! ಎದೆಗೂಡು ಗಟ್ಟಿ ಇದೆ ಅಂತಾಯಿತು, ಕೆಮ್ಮು ಇವತ್ತಲ್ಲ ನಾಳೆ ಹೋದೀತು.

ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ಅವಳ ಬೀದಿಯ ಹೆಂಗಸರೆಲ್ಲ ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತಿಬಿಡುತ್ತಾರೆ. ಸಂಜೆ ಬಂದವರಿಗೆ ಮಾತು ಬೇಡ, ಹಾಸಿಗೆ ಬೇಕು. ಅವಳಿಗೆ ಮನುಷ್ಯರ ಮಾತು ಸಿಗುತ್ತಿದ್ದುದು ಫಿಲೇಚರಿನಲ್ಲಿ, ಪಕ್ಕದ ಕುದಿನೀರಿನ ಬೇಸಿನ್ನಿನ ಶಿವಲಿಂಗಮ್ಮನ ಬಾಯಿಂದ. ಅವಳೋ ಸತ್ತವರನ್ನೂ ನಗಿಸುವ ಹೆಂಗಸು.

ಮಧ್ಯಾಹ್ನವೇ ಫಿಲೇಚರಿಗೆ ಹೋದಳು. ಅಂಗಳದಲ್ಲಿ ಗೂಡಿನ ರಾಶಿಯ ಪಕ್ಕ ಮಾಲೀಕ ತಾಜ್ ಪಾಷಾ ನಿಂತಿದ್ದ.

"ಏನಂದ್ರು ಲಕ್ಷ್ಮಮ್ಮಾ ಡಾಕ್ಟ್ರು?"

"ಏನಿಲ್ಲ ಕಣ್ ಸಾಬ್ರೇ. ಗೂಡು ದಪ್ಪ ಆಗೈತಂತೆ. ಹಬೆ ತಾವ ಹೋಗ್ಬ್ಯಾಡಿ ಅಂತ ಸುಮ್ನೆ ಒಂದ್ ಮಾತಂದ್ರು."

ತಾಜ್ ಪಾಷಾ ನಗಲಿಲ್ಲ. "ಗೂಡಲ್ಲಮ್ಮಾ, ಗೋಡೆ ಅಂದಿರ್ತಾರೆ. ನಮ್ಮ ಅಬ್ಬಾಗೂ ಹಂಗೇ ಅಂದಿದ್ರು," ಎಂದ. ಅವನ ಅಬ್ಬಾ ಹುಸೇನ್ ಸಾಬರು ಕೊನೆಯ ಎರಡು ವರ್ಷ ಮಲಗಿದರೆ ಉಸಿರು ಸಿಗದೆ ಮಂಚದ ಮೇಲೆ ಕೂತೇ ನಿದ್ದೆ ಮಾಡಿದ್ದು ಅವಳು ಕಂಡದ್ದೇ.

ಅವನು ರಾಶಿಯಿಂದ ಎರಡು ಗೂಡು ಆರಿಸಿ, ಬ್ಲೇಡಿನಿಂದ ಅಡ್ಡಕ್ಕೆ ಕುಯ್ದು ಅವಳ ಅಂಗೈಯಲ್ಲಿಟ್ಟ. ಒಂದು ತೆಳ್ಳನೆಯದು, ಇನ್ನೊಂದು ದಪ್ಪನೆಯದು. "ಹೊರಗಡೆಯಿಂದ ಎರಡೂ ಒಂದೇ ಗಾತ್ರ. ಒಳಗಡೆ ನೋಡಿ."

ಅವಳು ನೋಡಿದಳು. ಹುಳು ಹೊರಗಿನಿಂದ ಒಳಕ್ಕೆ ನೂಲು ಸುತ್ತುತ್ತಾ ಹೋಗುತ್ತದೆ ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ದಪ್ಪ ಗೂಡಿನೊಳಗೆ ಹುಳು ಮಿಸುಕಾಡಲೂ ಜಾಗವಿರಲಿಲ್ಲ. ಅವಳು ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟುಕೊಂಡಳು.

"ನಾಳೆಯಿಂದ ಬೇಸಿನ್ ಬೇಡ ಲಕ್ಷ್ಮಮ್ಮಾ."

"ಅಂಗನ್ಬ್ಯಾಡಿ ಸಾಬ್ರೇ, ನಿಮ್ಮ ದಮ್ಮಯ್ಯ. ಮನೇಲಿ ಕುಂತು ಯಾರ್ ಜೊತೆ ಮಾತಾಡ್ಲಿ ನಾನು?"

"ಉಸ್ರಿದ್ರೆ ತಾನೇ ಮಾತು! ಇಲ್ಲಿ ಅಂಗಳದಲ್ಲಿ ಕೂತು ಗೂಡು ಆರಿಸಿ. ಒಳ್ಳೆ ಗಾಳಿ ಐತೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಒಳಗಿನಿಂದ ಶಿವಲಿಂಗಮ್ಮ ಬಂದು, "ಅಯ್ಯೋ ಬುಡಕ್ಕಾ, ಗೋಡೆ ಆಚೆಗೆ ತಾನೆ! ಕೂಗಿದ್ರೆ ಕೇಳ್ತೈತೆ," ಎಂದು ಬೆನ್ನು ಸವರಿದಳು.

ಅಂಗಳದಲ್ಲಿ ಗಾಳಿಗೇನೂ ಬರವಿರಲಿಲ್ಲ. ವಾರ ಕಳೆಯುವುದರೊಳಗೆ ಕೆಮ್ಮು ಒಸಿ ತಗ್ಗಿತು, ಎದೆಯೊಳಗಿನ ಸಿಳ್ಳು ಪೂರ್ತಿ ಹೋಗಲಿಲ್ಲ. ಜಜ್ಜಿದ ಗೂಡು, ಜೋಡಿ ಗೂಡು, ಕಲೆಯಾದ ಗೂಡುಗಳನ್ನು ಆರಿಸಿ ಬೇರೆ ಬೇರೆ ಮೊರಕ್ಕೆ ಹಾಕುತ್ತಾ ದೊಡ್ಡಲಕ್ಷ್ಮಮ್ಮ ಫಿಲೇಚರಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಹಳೇ ಕಾಲದ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ.

ಒಂದು ಮಧ್ಯಾಹ್ನ ಒಳಗೆ ಶಿವಲಿಂಗಮ್ಮ ಏನೋ ಅಂದಳು. ರಾಟೆಗಳ ಸದ್ದಿನಲ್ಲಿ ಮಾತು ಕೇಳಿಸಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದು ನಕ್ಕದ್ದು ಮಾತ್ರ ಕೇಳಿಸಿತು.

"ಏನಂದ್ಯಮ್ಮೀ ಶಿವಲಿಂಗೀ?" ಎಂದು ಇವಳು ಇದ್ದಷ್ಟೂ ಉಸಿರು ಕೂಡಿಸಿ ಕೂಗಿದಳು. ಯಾರೂ ಓಗೊಡಲಿಲ್ಲ.

ಒಂದು ಗಳಿಗೆ ಕಾದು, ಕೈಯಲ್ಲಿದ್ದ ಗೂಡನ್ನು ಮೊರಕ್ಕೆ ಹಾಕಿ, ಅವಳೂ ನಕ್ಕಳು. ಅಷ್ಟರಲ್ಲಿ ಒಳಗೆ ನಗು ನಿಂತಿತ್ತು.