ಹಂಗಾಮಿ ಪ್ರಧಾನಿಯ ಸಂಜೆಗಳು

ಹೂವಿನ ರಾಶಿಯೊಳಗೆ ಪೊಲೀಸಿನವನೊಬ್ಬ ಕೋಲು ಚುಚ್ಚಿ ಚುಚ್ಚಿ ನೋಡುತ್ತಿದ್ದ. ಪ್ರಧಾನಿಗಳು ಅಂತಿಮ ದರ್ಶನಕ್ಕೆ ಬರುವವರಿದ್ದರು. ಅದಕ್ಕೆ ಮುಂಚೆ ಕಪಾಟು, ಮಂಚದಡಿ, ಕೊನೆಗೆ ಚಟ್ಟದ ಬಿದಿರನ್ನೂ ತಪಾಸಣೆ ಮಾಡಬೇಕಂತೆ. ತಂದೆಯ ತಲೆಯ ಹತ್ತಿರ ಕೂತಿದ್ದ ದಮಯಂತಿ ಆ ಕೋಲನ್ನೇ ನೋಡುತ್ತಿದ್ದಳು. ಬದುಕಿದ್ದಾಗ ಅನುಮಾನಪಟ್ಟದ್ದು ಸಾಲದೆಂದು ಈಗಲೂ ತಡಕಾಡುತ್ತಾರೆ ಅನ್ನಿಸಿತು.

ಅವಳ ತಂದೆ ಲೀಲಾಧರ ಉಪ್ರೇತಿ ಒಂದು ಕಾಲಕ್ಕೆ ಈ ದೇಶದ ಪ್ರಧಾನಿಯಾಗಿದ್ದವರು. ಆಗಿನ ಪ್ರಧಾನಿ ಹಠಾತ್ತನೆ ತೀರಿಕೊಂಡು ಪಕ್ಷ ಹೊಸಬರನ್ನು ಆರಿಸುವ ತನಕ, ಎರಡು ವಾರದ ಮಟ್ಟಿಗೆ, ಹಂಗಾಮಿಯಾಗಿ. ಆಮೇಲಿನ ಬದುಕೆಲ್ಲ ದೆಹಲಿಯ ಈ ಬಾಡಿಗೆ ಮಹಡಿಯಲ್ಲೇ ಕಳೆಯಿತು.

ಪಕ್ಷದ ಹಳೆಯ ಕಾರ್ಯದರ್ಶಿ ಮಾಥುರ್ ಬೆಳಿಗ್ಗೆಯಿಂದ ಮನೆಯವರಂತೆ ಓಡಾಡುತ್ತಿದ್ದರು. ಹೊರವರ್ತುಲ ರಸ್ತೆಯಿಂದ ನೇರ ಸ್ಮಶಾನದ ಘಾಟಿಗೆ ಹೋಗಿಬಿಡೋಣ, ಬೇಗ ಮುಗಿಯುತ್ತದೆ ಎಂದು ಎರಡು ಸಲ ಹೇಳಿದ್ದರು. ಇವರಿಗೆ ಯಾಕಿಷ್ಟು ಅವಸರ ಎಂದು ದಮಯಂತಿಗೆ ಆಗಲೇ ಸಂಶಯ ಬಂದಿತ್ತು.

*

ಆ ಎರಡು ವಾರ ಮುಗಿಯುವ ಹೊತ್ತಿಗೆ ಅವಳಿನ್ನೂ ಕಾಲೇಜಿನಲ್ಲಿದ್ದಳು. ಉಪ್ರೇತಿ ಒಳಗೊಳಗೇ ಸಂಸದರನ್ನು ಕೂಡಿಸುತ್ತಿದ್ದಾರೆ, ಕುರ್ಚಿ ಬಿಡುವ ಮನಸ್ಸಿಲ್ಲ ಎಂದು ಯಾರೋ ಗುಲ್ಲೆಬ್ಬಿಸಿದರು. ಹೊಸ ಮಂತ್ರಿಮಂಡಲದಲ್ಲಿ ಅವರಿಗೆ ಜಾಗ ಸಿಗಲಿಲ್ಲ. "ನನಗೆ ಆ ಆಸೆ ಯಾವತ್ತೂ ಇರಲಿಲ್ಲ" ಎಂದು ಊಟಕ್ಕೆ ಕೂತಾಗ ಹೇಳಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅದೇ ವಾರ ಎದುರಿನ ಬೇವಿನ ಮರದಡಿ ಒಬ್ಬ ಮನುಷ್ಯ ಬಂದು ನಿಂತ. ಗುಪ್ತಚರದವನೆಂದು ಬೀದಿಗೆಲ್ಲ ಗೊತ್ತಾಯಿತು.

ತಂದೆ, ಅವಳ ಬಾಬೂಜಿ, ದಿನಾ ಸಂಜೆ ಒಬ್ಬರೇ ಹೊರಡುತ್ತಿದ್ದರು. ಯಾರನ್ನೂ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ಧೋತ್ರದ ಹಿಂಭಾಗದ ಹಸಿರು ಕಲೆಯನ್ನು ಉಜ್ಜುತ್ತ ಅಮ್ಮ, ಯಾವಳ ತೋಟದ್ದೋ ಎಂದು ಗೊಣಗುತ್ತಿದ್ದಳು. ಅವರು ಭಿನ್ನಮತೀಯರ ಮನೆಗೆ ಹೋಗುತ್ತಾರೆಂದು ದಮಯಂತಿಯ ಗುಮಾನಿ. ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

*

ಮೆಟ್ಟಿಲು ಹತ್ತಿ ಬಂದ ಮುದುಕ ಶವಕ್ಕೆ ಕೈಮುಗಿದು ಗೋಡೆಗಂಟಿ ನಿಂತ. ಆ ನಿಲುವಿನಲ್ಲೇ ಅವಳಿಗೆ ಗುರುತು ಹತ್ತಿತು. ಎದ್ದು ಹತ್ತಿರ ಹೋದಳು.

"ಬೇವಿನ ಮರದ ಕೆಳಗೆ ನಿಂತಿರ್ತಿದ್ದೋರು ನೀವೇ ಅಲ್ವಾ?"

"ಹೌದು ಬಹೆನ್‌ಜಿ. ಫತೇಸಿಂಗ್ ಅಂತ. ಬಾಬೂಜಿ ಚಳೀಲಿ ಚಹಾ ಕಳಿಸ್ತಿದ್ರು."

"ಆ ಚಹಾ ಕುಡಿದು ಅವರ ಮೇಲೇ ವರದಿ ಬರೀತಿದ್ರಿ."

ಅವನು ಶವದ ಕಡೆ ಒಮ್ಮೆ ನೋಡಿದ. ಅವಳು ದನಿ ತಗ್ಗಿಸಿದಳು. "ಸಂಜೆ ಯಾರ ಮನೆಗೆ ಹೋಗ್ತಿದ್ರು?"

"ಯಾರ ಮನೆಗೂ ಇಲ್ಲ. ಬಸ್ಸು ಹತ್ತಿ ಸಚಿವಾಲಯದ ದಿಬ್ಬದ ಹತ್ರ ಇಳೀತಿದ್ರು. ಹುಲ್ಲಿನ ಮೇಲೆ ಕೂತು ಆ ಮೂಲೆ ಕಿಟಕಿ ನೋಡ್ತಿದ್ರು. ಪ್ರಧಾನಿಯಾಗಿದ್ದಾಗ ಅವರು ಕೂತಿದ್ದ ಕೋಣೇದು. ಒಳಗೆ ದೀಪ ಹತ್ತಿದ ಮೇಲೆ ಎದ್ದು ಬರ್ತಿದ್ರು."

"ಬರೀ ನೋಡೋಕಾ?"

"ಒಂದ್ಸಲ ಅಳ್ತಾ ಇದ್ರು. ನಾನು ದೂರ ಹೋಗಿ ನಿಂತ್ಕೊಂಡೆ. ಮೇಲಿನೋರಿಗೆ ವಾಯುವಿಹಾರ ಅಂತಷ್ಟೇ ಬರೆದೆ. ಆಸೆಯಿಂದ ನೋಡ್ತಾರೆ ಅಂತ ಬರೆದಿದ್ರೆ ಅವರು ಏನೇನು ಅರ್ಥ ಮಾಡ್ಕೋತಿದ್ರೋ."

"ಇದನ್ನ ಇವತ್ತು ಹೇಳು ಅಂತ ಯಾರು ಕಳಿಸಿದ್ರು ನಿಮ್ಮನ್ನ?"

"ನೀವು ಕೇಳಿದ್ರಿ, ಹೇಳ್ದೆ." ಅವನು ಚಪ್ಪಲಿ ಹುಡುಕತೊಡಗಿದ. "ಬಸ್ಸು ಬರೋ ತನಕ ಧೋತ್ರಕ್ಕೆ ಹತ್ತಿದ ಹುಲ್ಲು ಕೊಡವಿಕೊಳ್ತಾ ನಿಂತಿರ್ತಿದ್ರು."



ಪ್ರಧಾನಿಗಳು ಬಂದರು. ಹೂಗುಚ್ಛ ಇಟ್ಟರು, ಅಧಿಕಾರದ ಆಸೆಯೇ ಇಲ್ಲದ ಋಷಿ ಎಂದು ಕ್ಯಾಮೆರಾದ ಮುಂದೆ ಹೇಳಿದರು, ಹೊರಟುಹೋದರು. ಮಾಥುರ್ ತಲೆದೂಗಿದರು. ಅದೇ ಮಾತನ್ನು ಅವಳೂ ವರ್ಷಗಟ್ಟಲೆ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಈಗ ಅದನ್ನು ಕೇಳಿ ಮೈಯುರಿಯಿತು.

ಹೆಣ ಎತ್ತುವ ಹೊತ್ತಿಗೆ ಅವಳು ಅಡ್ಡ ನಿಂತಳು.

"ಚಾಚಾಜಿ, ಸಚಿವಾಲಯದ ಮುಂದಿಂದ ಹೋಗ್ಬೇಕು."

ಮಾಥುರ್ ಅವಳ ಮುಖವನ್ನೇ ದಿಟ್ಟಿಸಿ ನೋಡಿದರು. "ಅಲ್ಲಿ ಯಾರನ್ನ ಸೇರಿಸಿದೀಯಮ್ಮಾ? ಇವತ್ತೂ ರಾಜಕೀಯ ಬೇಕಾ?"

"ಯಾರೂ ಇಲ್ಲ. ಆಗಲ್ಲ ಅಂದ್ರೆ ಇಲ್ಲಿಂದ ಎತ್ತೋಕೆ ಬಿಡಲ್ಲ."

ಕೆಳಗೆ ಪತ್ರಿಕೆಯವರು ಇನ್ನೂ ಚದುರಿರಲಿಲ್ಲ. ಮಾಥುರ್ ಅತ್ತ ಒಮ್ಮೆ ಕಣ್ಣು ಹಾಯಿಸಿ, ಪೊಲೀಸ್ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ಪೊಲೀಸರ ಜೀಪು ಹೆಣ ಹೊತ್ತ ಲಾರಿಗೆ ಅಂಟಿಕೊಂಡೇ ಹಿಂದೆ ಬಂತು.

ಭಾನುವಾರ. ದಿಬ್ಬದ ಮೇಲೆ ಯಾರೂ ಇರಲಿಲ್ಲ. ಲಾರಿ ನಿಂತಾಗ ಕಾವಲಿನ ಸಿಪಾಯಿ ಸೆಲ್ಯೂಟಿಗೆ ಕೈಯೆತ್ತಿ, ಅಪ್ಪಣೆ ಇಲ್ಲದ್ದು ನೆನಪಾಗಿ ಅರ್ಧಕ್ಕೇ ತಡೆದ. ಜೀಪಿನಿಂದ ಹಾರನ್ ಕೇಳಿಸಿತು. ದಮಯಂತಿ ಹಾರಗಳನ್ನು ಪಕ್ಕಕ್ಕೆ ಸರಿಸಿ ತಂದೆಯ ಮುಖವನ್ನು ಮೂಲೆಯ ಕಿಟಕಿಯ ಕಡೆ ತಿರುಗಿಸಲು ನೋಡಿದಳು. ಸೆಟೆದ ಕುತ್ತಿಗೆ ತಿರುಗಲಿಲ್ಲ. ಅವಳು ಭುಜದಡಿ ಎರಡೂ ಕೈ ತೂರಿಸಿ ಇಡೀ ದೇಹವನ್ನೇ ಆ ಕಡೆಗೆ ಒಂದಿಷ್ಟು ವಾಲಿಸಿ ಹಿಡಿದುಕೊಂಡಳು.