ಡಾಕ್ಟರು ಹೇಳಿದ ಕಾಲು

ಇದು ನಿಜವಾಗಿ ನಡೆದ ಕತೆ. ಕಾಲಿನ ಕತೆಯಾದ್ದರಿಂದ ನಡೆಯದೆ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. ನಂಬದವರು ಗೋಣಿಬೀಡಿಗೆ ಬಂದು ಬಸವರಾಜಪ್ಪನವರ ದಿನಸಿ ಅಂಗಡಿಯಲ್ಲಿ ವಿಚಾರಿಸಬಹುದು. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾತ್ರ ವಿಚಾರಿಸಬೇಡಿ, ಅದು ನನ್ನದು. ಹೆಸರು ಬಾಲರಾಜ್. ಕಾಲೇಜಿನಲ್ಲಿ ಓದಿದ್ದು ಇತಿಹಾಸ, ಈಗ ಕೈಗೆ ಸಿಗುವುದು ಸ್ಕ್ರೀನ್ ಒಡೆದ ವರ್ತಮಾನ. ನನ್ನ ನಿಜವಾದ ವಿದ್ಯೆ ಇರುವುದು ಗಂಟಲಿನಲ್ಲಿ. ಒಮ್ಮೆ ಕೇಳಿದ ದನಿ ನನ್ನ ಬಾಯಿಗೆ ಬಾಡಿಗೆಗೆ ಬಂದು ಕೂರುತ್ತದೆ, ಖಾಲಿ ಮಾಡು ಎಂದರೂ ಮಾಡುವುದಿಲ್ಲ. ಮೂಡಿಗೆರೆ ಬಸ್ಸಿನ ಕಂಡಕ್ಟರ್, ಎಸ್ಟೇಟ್ ಸಾಹುಕಾರರ ಕೆಮ್ಮು, ಬಸವರಾಜಪ್ಪನವರ 'ಚಿಲ್ಲರೆ ಇಲ್ವಾ ಮಾರಾಯ', ಎಲ್ಲವೂ ಅಲ್ಲಿ ಒಟ್ಟಿಗೆ ಸಂಸಾರ ಮಾಡಿಕೊಂಡಿವೆ.

ಕತೆಯ ನಾಯಕ ನನ್ನ ಸೋದರಮಾವ ಬೊಮ್ಮಯ್ಯ. ಊರಾಚೆಯ ಕಾಫಿ ತೋಟದಲ್ಲಿ ಮೇಸ್ತ್ರಿ, ಮನೆಯೂ ಅಲ್ಲೇ. ಸೋದರಮಾವನಿಗೂ ಅಳಿಯನಿಗೂ ಒಬ್ಬರನ್ನೊಬ್ಬರು ಗೇಲಿ ಮಾಡುವ ಪರವಾನಗಿ ನಮ್ಮಲ್ಲಿ ತೊಟ್ಟಿಲಲ್ಲೇ ಸಿಗುತ್ತದೆ. ನಾವಿಬ್ಬರೂ ಅದನ್ನು ಪ್ರತಿವರ್ಷ ನವೀಕರಿಸಿಕೊಂಡು ಬಂದವರು. ಮಾವನ ದೊಡ್ಡ ಪ್ರೀತಿ ಮಟನ್. ಭಾನುವಾರ ಸಾರು ಕುದಿಯದಿದ್ದರೆ ಸೋಮವಾರ ಹುಟ್ಟುವುದಿಲ್ಲ ಎಂದು ನಂಬಿದ ಮನುಷ್ಯ. ಬಸ್ಸಿನಲ್ಲಿ ಕಾಲು ತುಳಿದವನು 'ಸಾರಿ' ಎಂದರೂ ಅವನಿಗೆ ನೆನಪಾಗುವುದು ಸಾರೇ.

ಈ ವರ್ಷದ ಮೆಣಸಿನ ಕೊಯ್ಲಿನಲ್ಲಿ ಏಣಿ ಹತ್ತಿದ ಮಾವ ಅರ್ಧಕ್ಕೇ ನಿಂತುಬಿಟ್ಟ. ಎದೆಯ ಮೇಲೆ ಯಾರೋ ಗೊಬ್ಬರದ ಚೀಲ ಇಟ್ಟ ಹಾಗಾಯಿತಂತೆ. ನಿಧಾನವಾಗಿ ಇಳಿದು, ಮರದ ಬುಡದಲ್ಲಿ ಕೂತು, ಏನೂ ಆಗಿಲ್ಲವೆಂದು ಆಳುಗಳಿಗೆ ಹೇಳಿದ. ಆದರೆ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಭಾಗಮ್ಮತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಳು. ಅವಳ ಭಯಕ್ಕೆ ಕಾರಣವಿತ್ತು. ಮಾವನ ಅಣ್ಣ ತಮ್ಮಯ್ಯ ಹಿಂದಿನ ವರ್ಷ ಮದುವೆ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಕೈ ತೊಳೆಯಲು ಎದ್ದವರು ನಲ್ಲಿಯ ಹತ್ತಿರವೇ ಕುಸಿದು ಪ್ರಾಣ ಬಿಟ್ಟಿದ್ದರು. ಅಣ್ಣನ ಹೆಸರು ತಮ್ಮಯ್ಯ ಎನ್ನುವುದರ ಮೇಲೆ ನಾನು ಮಾಡುತ್ತಿದ್ದ ತಮಾಷೆಗಳನ್ನೆಲ್ಲ ಅವತ್ತೇ ನಿಲ್ಲಿಸಿದ್ದೆ.

ಮಾವನ ಮಗಳು ಕುಸುಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೂ ತಪಾಸಣೆ ಆಗಬೇಕಿತ್ತಾದ್ದರಿಂದ ಮೂವರೂ ಒಂದೇ ಆಟೋದಲ್ಲಿ ಮೂಡಿಗೆರೆಯ ಕ್ಲಿನಿಕ್ಕಿಗೆ ಹೋದರು.

ಅಲ್ಲಿನ ಡಾಕ್ಟರು ಉತ್ತರದ ಕಡೆಯವರು. ಕೈಗುಣ ಒಳ್ಳೆಯದು, ಮನಸ್ಸು ಇನ್ನೂ ಒಳ್ಳೆಯದು, ಕನ್ನಡವನ್ನು ಆಸೆಪಟ್ಟು ಕಲಿತವರು. ಒಂದೇ ತೊಂದರೆ ಎಂದರೆ ಅವರ ನಾಲಿಗೆಗೆ 'ಳ' ಏರುವುದಿಲ್ಲ. 'ಇಲ್ಲಿ ಮಲೆಯಲ್ಲಿ ಮಲೆ ಜಾಸ್ತಿ' ಎನ್ನುತ್ತಾರೆ. ನಾವೇ ಮಳೆ ಯಾವುದು, ಮಲೆ ಯಾವುದು ಎಂದು ವಿಂಗಡಿಸಿಕೊಳ್ಳಬೇಕು. ರೋಗಿ ಕುರ್ಚಿಯಲ್ಲಿ ಕೂತ ಕೂಡಲೇ ಏನು ತೊಂದರೆ ಹೇಳಿ ಎಂದು ಕೇಳುತ್ತಾರಲ್ಲ, ಅದು ಅವರ ಬಾಯಲ್ಲಿ ಹೇಗೆ ಬರುತ್ತದೆ ಎಂಬುದನ್ನು ಮರ್ಯಾದಸ್ಥರು ಓದುವ ಕಡೆ ಬರೆಯುವಂತಿಲ್ಲ. ಹೊಸಬರು ಗಾಬರಿಯಿಂದ ಎದ್ದು ನಿಲ್ಲುತ್ತಾರೆ.

ಕುಸುಮಾಗೆ ರಕ್ತ ಕಡಿಮೆಯಿತ್ತು. ಸೊಪ್ಪು, ಮೊಟ್ಟೆ, ವಾರಕ್ಕೆರಡು ದಿನ ಚೆನ್ನಾಗಿ ಬೇಯಿಸಿದ ಮಾಂಸ, ಜೊತೆಗೆ ಕಬ್ಬಿಣದ ಮಾತ್ರೆ ಎಂದರು. ಮಾವನ ಇಸಿಜಿ ಸರಿಯಿತ್ತು, ರಕ್ತದಲ್ಲಿ ಕೊಬ್ಬು ಮಾತ್ರ ಅಳತೆ ಮೀರಿತ್ತು. ಅವನಿಗೂ ಒಂದು ಮಾತ್ರೆ ಬರೆದು, ಒಂದೂವರೆ ತಿಂಗಳು ಬಿಟ್ಟು ಬರಬೇಕು, ಕೊಬ್ಬು ಇಳಿಯದಿದ್ದರೆ ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ ಎಂದರು. ಮಾವನ ಊಟದ ಮಾತು ಬರುವ ಹೊತ್ತಿಗೆ ಅತ್ತೆ ಮಗಳ ಜೊತೆ ಇನ್ನೊಂದು ರಕ್ತ ಪರೀಕ್ಷೆಗೆಂದು ಪಕ್ಕದ ಕೋಣೆಯಲ್ಲಿದ್ದಳು. ಆ ಮಾತನ್ನು ಕೇಳಿಸಿಕೊಂಡವನು ಮಾವ ಒಬ್ಬನೇ.

ಸಂಜೆ ಮಾವ ನನ್ನ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಒಂದು ಕಪ್ಪು ಚೀಲ, ಮುಖದಲ್ಲಿ ಲಾಟರಿ ಹೊಡೆದವನ ಕಳೆ. ಚೀಲದಿಂದ ಕುರಿಯ ಗೊರಸೊಂದು ಹೊರಗೆ ಇಣುಕುತ್ತಿತ್ತು.

"ಎಂತ ಮಾವ ಇದು? ಡಾಕ್ಟ್ರು ಎಂತ ಹೇಳಿದ್ರು?"

"ಮಟನ್ ಬಿಡೋದ್ ಬೇಡ, ಕಾಲು ತಿನ್ನಿ ಅಂದ್ರು ಮಾರಾಯ. ಎಂತ ಒಳ್ಳೆ ಮನುಷ್ಯ."

ಅವತ್ತಿನಿಂದ ಮನೆಯಲ್ಲಿ ಕಾಲು ಸೂಪಿನ ಕಾಲ ಶುರುವಾಯಿತು. ಸೂಪಿನ ಮೇಲೆ ಎಣ್ಣೆ ಕಾಫಿ ಬಣ್ಣದಲ್ಲಿ ತೇಲುತ್ತಿತ್ತು. ಅತ್ತೆ ಅನುಮಾನದಿಂದ ನೋಡಿದರೆ, ಔಷಧಿ ಕಣೇ, ನಾನೇನು ಆಸೆಪಟ್ಟು ಕುಡೀತಿದೀನಾ ಎಂದು ಅವನು ಮುಖ ಕಿವುಚಿಕೊಂಡು ಎರಡನೇ ಲೋಟಕ್ಕೆ ಕೈ ಚಾಚುತ್ತಿದ್ದ. ಇನ್ನೊಂದು ತಾಪತ್ರಯವೂ ಇತ್ತು. ಬಸುರಿ ಕುಸುಮಾಗೆ ಮಾಂಸದ ವಾಸನೆ ಆಗುತ್ತಿರಲಿಲ್ಲ. ಅವಳಿಗೆಂದು ಬಡಿಸಿದ ತುಂಡುಗಳು ಅಮ್ಮ ಅತ್ತ ತಿರುಗುವುದರೊಳಗೆ ಅಪ್ಪನ ತಟ್ಟೆಗೆ ವಲಸೆ ಹೋಗುತ್ತಿದ್ದವು. ಪಾತ್ರೆ ಒಂದೇ, ಪಾತ್ರ ಎರಡು: ಅದೇ ಮಾಂಸ ಮಗಳ ತಟ್ಟೆಯಲ್ಲಿದ್ದರೆ ರಕ್ತ, ಅಪ್ಪನ ತಟ್ಟೆಯಲ್ಲಿದ್ದರೆ ಕೊಬ್ಬು. ರಕ್ತ ಬೇಕಾದವಳಿಗೆ ಮಾಂಸ ಬೇಡ, ಕೊಬ್ಬು ಬೇಡವಾದವನಿಗೆ ಆಸೆ ಬಿಡದು.

ಬಸವರಾಜಪ್ಪನವರ ಅಂಗಡಿ ಜಗಲಿಯಲ್ಲಿ ಈ ವಿಷಯದ ವಿಚಾರಣೆ ನಡೆಯಿತು. ಅವರು ಹುಟ್ಟಿದಾರಭ್ಯ ಮೊಟ್ಟೆಯ ನೆರಳನ್ನೂ ತುಳಿಯದವರು. ಮಾಂಸವೇ ಎಲ್ಲ ರೋಗಕ್ಕೂ ಮೂಲ ಎಂದು ಅವರು ತೀರ್ಪು ಕೊಡುತ್ತಾರೆಂದು ನಾನು ಕಾದಿದ್ದೆ. ಅವರು ಮಾತ್ರ ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದರು.

"ನಂಗೂ ಕೊಲೆಸ್ಟ್ರಾಲ್ ಇದೆ ಬೊಮ್ಮಯ್ಯ. ಬಿ.ಪಿ.ನೂ ಇದೆ. ನಾನು ಯಾವ ಕುರಿ ತಿಂದಿದ್ದೆ ಮಾರಾಯ? ತುಪ್ಪ ಮತ್ತೆ ಕೋಡುಬಳೆ, ಅಷ್ಟೇ."

ಮಾವನಿಗೆ ಇಷ್ಟು ಸಾಕಾಯಿತು. ಮಾಂಸ ತಿನ್ನದವರಿಗೂ ಬರುವ ಕಾಯಿಲೆಗೆ ಮಾಂಸವನ್ನೇಕೆ ದೂರಬೇಕು ಎಂದು ವಾದ ಹೂಡಿದ. ಮಾಂಸ ತಿಂದೇ ಅಲ್ಲವೇ ನಮ್ಮಜ್ಜ ಎರಡು ಮೂಟೆ ಕಾಫಿ ಹೊರುತ್ತಿದ್ದದ್ದು ಎಂದ. ಅಜ್ಜನಿಗೆ ಮಾಂಸ ಸಿಗುತ್ತಿದ್ದದ್ದು ಹಬ್ಬಕ್ಕೊಮ್ಮೆ, ಮೂಟೆ ಸಿಗುತ್ತಿದ್ದದ್ದು ದಿನಾ. ನಿನಗೆ ಅದು ತಿರುಗಾಮುರುಗಾ ಆಗಿದೆ ಎಂದು ನಾನು ತಿದ್ದಿದೆ. ಮಾವ ಕೇಳಿಸಿಕೊಳ್ಳಲಿಲ್ಲ.

ರಾತ್ರಿ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ನನಗೆ ತಟ್ಟನೆ ಹೊಳೆಯಿತು. ಡಾಕ್ಟರಿಗೆ 'ಳ' ಬರುವುದಿಲ್ಲ. ಅವರು ಹೇಳಿದ್ದು ಕಾಲು ಅಲ್ಲ, ಕಾಳು. ಹುರುಳಿಕಾಳು, ಹೆಸರುಕಾಳು. ಮಟನ್ ಬೇಡ, ಕಾಳು ತಿನ್ನಿ ಎಂದಿದ್ದಾರೆ. ನಡುವಿನ 'ಬಿಡೋದು' ಮಾವನ ಆಸೆ ಸೇರಿಸಿದ ಒಗ್ಗರಣೆ. ಒಂದು ಅಕ್ಷರದ ದೆಸೆಯಿಂದ ಮನುಷ್ಯ ದಿನಾ ಕೊಬ್ಬು ಕುಡಿಯುತ್ತಿದ್ದಾನೆ.

ಅತ್ತೆಗೆ ಹೇಳಿದೆ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮಾವನಿಗೆ ಹೇಳಿದರೆ, ಡಾಕ್ಟರು ಹೇಳಿದ್ದು ನಿನ್ನ ಕಿವಿಗೋ ನನ್ನ ಕಿವಿಗೋ ಎಂದ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದಾರೆ, ಬರುವುದು ಮುಂದಿನ ತಿಂಗಳು ಎಂದು ಅಲ್ಲಿನ ಹುಡುಗಿ ಹೇಳಿದಳು.

ಅತ್ತೆ ನನ್ನ ಮುಖವನ್ನೇ ನೋಡಿದಳು. "ಬಾಲ, ನೀನು ಎಲ್ಲರ ಹಂಗೂ ಮಾತಾಡ್ತೀಯಲ್ಲ," ಎಂದಳು. ಅಷ್ಟೇ. ಇಡೀ ಸಂಚಿನಲ್ಲಿ ಅವಳು ಬಾಯಿಬಿಟ್ಟು ಆಡಿದ ಮಾತು ಅದೊಂದೇ, ಆದ್ದರಿಂದ ಇವತ್ತಿಗೂ ಅವಳ ಮೇಲೆ ಕೇಸು ನಿಲ್ಲುವುದಿಲ್ಲ.

ಮರುದಿನ ಅಂಗಡಿಯ ಹಿಂದೆ ಹೋಗಿ, ಮಾವನಿಗೆ ಗೊತ್ತಿಲ್ಲದ ನಂಬರಿನಿಂದ ಡಾಕ್ಟರ ದನಿಯಲ್ಲಿ ಅವನಿಗೆ ಕಾಲ್ ಮಾಡಿದೆ. ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ಕಾಲು ಅಲ್ಲ, ಕಾಳು ಎಂದು ಹೇಳಬೇಕು, ಆದರೆ 'ಳ' ಇಲ್ಲದ ನಾಲಿಗೆಯಲ್ಲಿ ಹೇಳಬೇಕು. 'ಳ' ಉಚ್ಚರಿಸಿದರೆ ಸಿಕ್ಕಿಬಿದ್ದೆ.

"ಬೊಮ್ಮಯ್ಯನವರೇ, ನಾನು ಡಾಕ್ಟರ್. ಊಟ ಹೇಗೆ ನಡೀತಾ ಇದೆ?"

ಆ ಕಡೆ ಮಾವ ಎದ್ದು ನಿಂತು ತಲೆಗೆ ಸುತ್ತಿದ್ದ ಟವೆಲ್ ತೆಗೆದನೆಂದು ಕುಸುಮಾ ಆಮೇಲೆ ಹೇಳಿದಳು.

"ತಾವು ಹೇಳ್ದಂಗೇ ಸಾರ್. ದಿನಾ ಕಾಲು."

"ಯಾವ ಕಾಲು?"

"ಮುಂಗಾಲು ಸಾರ್. ಸಿಗದಿದ್ರೆ ಹಿಂಗಾಲು."

"ಅಯ್ಯೋ, ಆ ಕಾಲು ಅಲ್ಲ. ಹುರುಲಿ ಕಾಲು. ಹೆಸರು ಕಾಲು. ಕಡಲೆ ಕಾಲು."

ಮಾವ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ ಸದ್ದು ಕೇಳಿಸಿತು.

"ಸಾರ್, ಕಾಳಾ?"

"ಅದೇ. ಕಾಲು."

"ಕಾಲು ಅಂದ್ರೆ ಕಾಳಾ ಸಾರ್?"

"ಹೌದು. ಕಾಲು ಅಂದರೆ ಕಾಲು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಡಿಗೆಗೆ ಬಂದ ದನಿಗೆ ಹುರುಪು ಜಾಸ್ತಿ. ಬೆಲಿಗ್ಗೆ ಎದ್ದು ಗೋಣಿಬೀಡಿನ ತನಕ ನಡೆದು ಬರಬೇಕು ಎಂದಿತು. ಸೂಪ್ ಪೂರ್ತಿ ಬಂದ್ ಎಂದಿತು. ಮಟನ್ ಮುಟ್ಟುವಂತಿಲ್ಲ, ಆದರೆ ಮಗಲು ತಿನ್ನುವಾಗ ಪಕ್ಕದಲ್ಲಿ ಕೂತು ವಾಸನೆ ನೋಡಬಹುದು, ವಾಸನೆಯಲ್ಲಿ ಕೊಬ್ಬು ಇಲ್ಲ ಎಂದೂ ಉದಾರವಾಗಿ ಸೇರಿಸಿತು. ಮಾವ ಎಲ್ಲದಕ್ಕೂ ಆಗಲಿ ಸಾರ್ ಎಂದ. ಕೊನೆಯ 'ಸಾರ್' ಮಾತ್ರ ಸಾರಿನಿಂದ ಕೈತೊಳೆದವನ ಹಾಗೆ ಕೇಳಿಸಿತು.

ಆಮೇಲಿನ ದಿನಗಳನ್ನು ಹುರುಳಿ ಆಳಿತು. ಹುರುಳಿ ಕಟ್ಟು, ಹುರುಳಿ ಪಲ್ಯ, ಮೊಳಕೆ ಹುರುಳಿ. ಮಾವ ಬೆಳಿಗ್ಗೆ ನಡೆದು ಬಂದು ಬಸವರಾಜಪ್ಪನವರ ಜಗಲಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ, ಈ ಬದುಕಿನಲ್ಲಿ ಹುರುಳೇ ಇಲ್ಲ ಅಂತ ಇನ್ಮೇಲೆ ಯಾರೂ ಹೇಳೋ ಹಂಗಿಲ್ಲ ಎನ್ನುತ್ತಿದ್ದ. ಬಸವರಾಜಪ್ಪನವರು ಮೊದಮೊದಲು ಕಾಳು ತೂಗಿ ಕೊಟ್ಟು ನಗುತ್ತಿದ್ದರು, ಆಮೇಲೆ ತಾವೂ ಚಪ್ಪಲಿ ಮೆಟ್ಟಿ ಅವನ ಜೊತೆ ಅರ್ಧ ದಾರಿ ನಡೆಯತೊಡಗಿದರು. ಭಾನುವಾರ ಮಾವ ಶ್ರದ್ಧೆಯಿಂದ ಮಗಳ ಪಕ್ಕದಲ್ಲಿ ಕೂತು ವಾಸನೆ ತೆಗೆದುಕೊಳ್ಳುತ್ತಿದ್ದ. ತುಂಡುಗಳಿಗೆ ವಲಸೆ ಹೋಗಲು ಬೇರೆ ತಟ್ಟೆಯಿರಲಿಲ್ಲವಾಗಿ ಕುಸುಮಾ ಮೂಗು ಮುಚ್ಚಿಕೊಂಡು ಒಂದೊಂದೇ ತಿನ್ನುವುದನ್ನು ಕಲಿತಳು. ಅಪ್ಪ ಪಕ್ಕದಲ್ಲಿ ಪರಿಮಳದ ವರದಿ ಒಪ್ಪಿಸುತ್ತಿದ್ದ: ಇವತ್ತು ಚಕ್ಕೆ ಜಾಸ್ತಿ, ಇವತ್ತು ಕೊತ್ತಂಬರಿ ಸಾಲದು.

ಒಂದೂವರೆ ತಿಂಗಳಾಯಿತು. ಮಾವನ ಅಂಗಿ ಸಡಿಲವಾಗಿತ್ತು, ನನ್ನ ಧೈರ್ಯವೂ. ಆಟೋ ಸಿಗದೆ ಅತ್ತೆ ನನಗೇ ಸ್ನೇಹಿತನ ಕಾರು ತರಲು ಹೇಳಿದಳು. ಕ್ಲಿನಿಕ್ಕಿನಲ್ಲಿ ನಾನು ಹೊರಗೇ ಕೂರುತ್ತೇನೆ ಎಂದರೆ ಮಾವ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದ. ಅವನ ಅಂಗೈ ತಣ್ಣಗಿತ್ತು. ಮದುವೆ ಮನೆಯ ಆ ನಲ್ಲಿಯೇ ಅವನ ಕಣ್ಣ ಮುಂದಿತ್ತೇನೋ.

ಡಾಕ್ಟರು ಇಬ್ಬರ ರಕ್ತ ಪರೀಕ್ಷೆಯ ಕಾಗದಗಳನ್ನೂ ನೋಡಿದರು. ಕುಸುಮಾಗೆ ರಕ್ತ ಏರಿದೆ ಎಂದರು. ಮಾವನ ಕೊಬ್ಬು ಇಳಿದಿದೆ, ಇಷ್ಟು ಇಳಿಯುತ್ತದೆಂದು ತಾವೇ ಅಂದುಕೊಂಡಿರಲಿಲ್ಲ, ದೊಡ್ಡ ಆಸ್ಪತ್ರೆಯ ಮಾತು ಈಗ ಬೇಡ ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮಾವ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದ ಹಾರಿತು.

"ಏನು ತಿಂದಿರಿ?" ಎಂದು ಡಾಕ್ಟರು ಕೇಳಿದರು.

"ತಾವು ಫೋನಲ್ಲಿ ಹೇಳಿದ್ದೇ ಸಾರ್. ಬರೀ ಕಾಳು. ಮಟನ್ ವಾಸನೆ ಮಾತ್ರ."

"ನಾನು ಫೋನ್ ಮಾಡಲಿಲ್ಲವಲ್ಲ."

"ಕಾಲು ಅಂದ್ರೆ ಕಾಳು ಅಂದ್ರಲ್ಲ ಸಾರ್."

ಡಾಕ್ಟರು ಕನ್ನಡಕ ತೆಗೆದರು. ನಾಲ್ಕು ಬೆರಳು ಎತ್ತಿ ತೋರಿಸಿ, ಮೂರನ್ನು ಮಡಚಿದರು. "ಮಟನ್ ಬಿಡೋದು ಬೇಡ ಅಂದೆ. ಕಾಲು ತಿನ್ನಿ ಅಂದೆ. ಕಾಲು. ಮೊದಲು ತಿಂತಾ ಇದ್ದದ್ದರಲ್ಲಿ ಕಾಲು ಭಾಗ. ಮಗಲಿಗೆ ಬೇಕು, ನಿಮಗೆ ಸ್ವಲ್ಪ ಸಾಕು. ಅದಕ್ಕೆ ಕಾಲು."

ಕುರಿಯ ಕಾಲು ಎಂದು ಮಾವ, ಕಾಳು ಎಂದು ನಾನು, ಇಬ್ಬರೂ ಮುಗ್ಗರಿಸಿದ್ದೆವು. ಡಾಕ್ಟರು ಮಾತ್ರ ಜೀವನದಲ್ಲಿ ಆ ಒಂದು ಸಲ ಕನ್ನಡವನ್ನು ಸ್ಪಷ್ಟವಾಗಿ ಆಡಿದ್ದರು. ಅತ್ತೆ ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರವನ್ನು ತುಂಬ ಆಸಕ್ತಿಯಿಂದ ನೋಡತೊಡಗಿದಳು.

"ಹಂಗಾದ್ರೆ ಫೋನ್ ಮಾಡಿದ್ದು ಯಾರು?" ಎಂದ ಮಾವ, ಯಾರನ್ನೂ ನೋಡದೆ.

ನಾನು ಸುಮ್ಮನಿರಬೇಕಿತ್ತು. ಆದರೆ ಹೆದರಿದ ಗಂಟಲಿನಲ್ಲಿ ಯಾರ ದನಿ ಮೇಲಿರುತ್ತದೋ ಅದೇ ಹೊರಗೆ ಬರುತ್ತದೆ.

"ಇದು ಒಲ್ಲೆ ಕತೆ ಆಯ್ತಲ್ಲ," ಎಂದುಬಿಟ್ಟೆ.

ಡಾಕ್ಟರು ತಮ್ಮ ದನಿ ಎದುರಿನ ಕುರ್ಚಿಯಿಂದ ಬಂದದ್ದನ್ನು ಕೇಳಿ ಬೆಚ್ಚಿ ತಮ್ಮ ಬಾಯಿಯನ್ನೇ ಮುಟ್ಟಿ ನೋಡಿಕೊಂಡರು. ಮಾವ ನಿಧಾನವಾಗಿ ನನ್ನ ಕಡೆ ತಿರುಗಿದ. ಅವನ ಮೀಸೆ ಒಂದು ಕಡೆಯಿಂದ ನಡುಗತೊಡಗಿತು. ಹೊಡೆತ ಬೀಳುತ್ತದೆಂದು ನಾನು ಭುಜ ಕುಗ್ಗಿಸಿದೆ.

"ಅಂದ್ರೆ," ಎಂದ ಮಾವ, "ನಾನು ಭಾನುವಾರ ಭಾನುವಾರ ಪಾತ್ರೆ ಪಕ್ಕ ಕೂತು ಮೂಸಿದ್ದು..."

ಮುಗಿಸಲಾಗಲಿಲ್ಲ. ಎದೆ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಅತ್ತೆ ಗಾಬರಿಯಿಂದ ಅವನ ಬೆನ್ನಿಗೆ ಕೈ ಕೊಟ್ಟಳು, ಡಾಕ್ಟರು ಸ್ಟೆತಾಸ್ಕೋಪ್ ಎತ್ತಿಕೊಂಡು ಎದ್ದರು. ಮಾವ ಇಬ್ಬರನ್ನೂ ಕೈಯಿಂದ ದೂರ ಸರಿಸಿದ. ಒಳಗಿನಿಂದ ಬಂದದ್ದು ನಗು. ಅದಕ್ಕೆ ಡಾಕ್ಟರು ನಕ್ಕರು, ಕುಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತೆಯೂ ಸೆರಗಿನೊಳಗೆ ನಕ್ಕಳು. ನಾನು ತಡವಾಗಿ ಸೇರಿಕೊಂಡೆ. ಆದರೆ ಹೊರಗೆ ಕಾಯುತ್ತಿದ್ದವರು ಬಾಗಿಲು ತೆಗೆದು ಇಣುಕಿದಾಗ ಅವರಿಗೆ ಕೇಳಿಸುತ್ತಿದ್ದದ್ದು ಒಬ್ಬನ ದನಿ ಮಾತ್ರ. ಮೇಜು ಗುದ್ದಿ, ನನ್ನ ಬೆನ್ನು ಗುದ್ದಿ, ಮತ್ತೆ ಮೇಜು ಗುದ್ದಿ ಬೊಮ್ಮಯ್ಯ ಮಾವ ನಗುತ್ತಲೇ ಇದ್ದ.